ಡೀಸೆಲ್ ಪಿಕಪ್‌ನಲ್ಲಿ ಟರ್ಬೊ ಬೂಸ್ಟ್ ಸೋರಿಕೆ: ಪತ್ತೆ ಹಚ್ಚುವ ಕ್ರಮ

ಖಾಲಿ ಇದ್ದಾಗ ಯಾವ ತಕರಾರೂ ಇಲ್ಲದೆ ಓಡುವ ಪಿಕಪ್, ಸರಕು ಹೇರಿದ ಮೇಲೆ ಏರಿನಲ್ಲಿ ಎಳೆಯುವುದಿಲ್ಲ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಗೆ ಈಗ ಎರಡನೇ ಗೇರು ಬೇಕಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಡೀಸೆಲ್ ಖರ್ಚು ಏರಿದೆ. ಈ ದೂರಿಗೆ ಬಹಳ ಕಡೆ ಸಿಗುವ ಮೊದಲ ಉತ್ತರ ‘ಟರ್ಬೊ ಹೋಗಿದೆ’ ಎಂಬುದು. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ, ಹೋಗಿರಲೂಬಹುದು. ಆದರೆ ಟರ್ಬೊದಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿಯಲ್ಲಿ ಒಂದು ಹೋಸ್ ಸೀಳಿದ್ದರೂ, ಒಂದು ಕ್ಲಿಪ್ ಸಡಿಲಾಗಿದ್ದರೂ, ಗಾಳಿ ತಣಿಸುವ ಇಂಟರ್‌ಕೂಲರಿನ ಅಂಚು ಬಾಯಿ ಬಿಟ್ಟಿದ್ದರೂ ಲಕ್ಷಣಗಳು ಇವೇ ಆಗಿರುತ್ತವೆ. ಸಾಲದ ಕಂತು ಕಟ್ಟುತ್ತ ಗಾಡಿ ಓಡಿಸುವ ಮಾಲೀಕರಿಗೆ ಟರ್ಬೊ ಬದಲಾವಣೆ ಚಿಕ್ಕ ಖರ್ಚಲ್ಲ. ಹೊಸ ಟರ್ಬೊ ಹಾಕಿಸಿದ ಮೇಲೂ ಗಾಡಿ ಎಳೆಯದಿದ್ದರೆ ಆ ಹಣ ಹಿಂದಕ್ಕೆ ಬರುವುದೂ ಇಲ್ಲ. ಆದ್ದರಿಂದ ಗಾಳಿಯ ದಾರಿ ಒತ್ತಡದಲ್ಲಿ ಸೋರುವುದಿಲ್ಲ ಎಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವವರೆಗೆ ಟರ್ಬೊ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಇಲ್ಲಿರುವ ಕ್ರಮವೆಲ್ಲ ಆ ಖಚಿತತೆಗಾಗಿ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾಮನ್ ರೈಲ್ (ಅಧಿಕ ಒತ್ತಡದ ಡೀಸೆಲನ್ನು ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹಂಚುವ) ಪಿಕಪ್‌ಗಳನ್ನು, ಅಂದರೆ 2523 ಸಿಸಿ ಎಂಜಿನ್ನಿನ ಮಹೀಂದ್ರ ಬೊಲೆರೊ ಪಿಕಪ್, 2499 ಸಿಸಿಯ ಇಸುಜು ಡಿ-ಮ್ಯಾಕ್ಸ್, ಟಾಟಾ ಯೋಧ ಇವುಗಳ ವರ್ಗವನ್ನು, ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಭಾಗಗಳು ಕೂರುವ ಜಾಗ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಆದರೆ ಪರೀಕ್ಷೆಯ ತರ್ಕ ಬದಲಾಗುವುದಿಲ್ಲ.

ಗಾಳಿಯ ದಾರಿ

ಏರ್ ಫಿಲ್ಟರ್ ದಾಟಿದ ಗಾಳಿ ಟರ್ಬೊದ ಕಂಪ್ರೆಸರ್ ಬಾಯಿಗೆ ಬರುತ್ತದೆ. ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗುವ ಟರ್ಬೈನ್, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವನ್ನು ತಿರುಗಿಸಿ ಈ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ; ಬೂಸ್ಟ್, ಅಂದರೆ ವಾತಾವರಣಕ್ಕಿಂತ ಹೆಚ್ಚಾದ ಈ ಒತ್ತಡ, 1 ಬಾರ್ ಆಸುಪಾಸಿಗೆ ಬಂದಾಗ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಂದ ಒಂದು ಹೋಸ್ ಮೂಲಕ ಇಂಟರ್‌ಕೂಲರಿಗೆ ಹೋಗಿ ತಣಿದು, ಇನ್ನೊಂದು ಹೋಸ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ. ಟರ್ಬೊದಿಂದ ಇಂಟರ್‌ಕೂಲರಿನವರೆಗಿನ ಹೋಸ್ ಬಿಸಿ ಗಾಳಿಯನ್ನೂ ಎಣ್ಣೆಯ ಆವಿಯನ್ನೂ ಒಟ್ಟಿಗೆ ತಡೆಯಬೇಕಾದ್ದರಿಂದ ಮೊದಲು ಸೋಲುವುದು ಸಾಮಾನ್ಯವಾಗಿ ಅದೇ. ಹುಡುಕಾಟವನ್ನೂ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಕಂಪ್ರೆಸರಿನ ಹಿಂದಿನ ದಾರಿ, ಅಂದರೆ ಫಿಲ್ಟರಿನಿಂದ ಟರ್ಬೊವರೆಗಿನ ಭಾಗ, ಗಾಳಿಯನ್ನು ಎಳೆದುಕೊಳ್ಳುವ ಭಾಗ. ಅಲ್ಲಿ ಸೀಳು ಬಿಟ್ಟರೆ ಒತ್ತಡ ಹೊರಹೋಗುವುದಿಲ್ಲ, ಫಿಲ್ಟರ್ ಕಾಣದ ಧೂಳು ಒಳಬರುತ್ತದೆ. ಎಳೆಯುವ ಶಕ್ತಿ ಆಗ ಕಡಿಮೆಯಾಗದಿರಬಹುದು. ಆದರೆ ಜಲ್ಲಿ ಕ್ರಷರ್ ರಸ್ತೆಯಲ್ಲಿ, ಮಣ್ಣಿನ ದಾರಿಯಲ್ಲಿ ದುಡಿಯುವ ಗಾಡಿಯಲ್ಲಿ ಆ ಧೂಳು ಕಂಪ್ರೆಸರ್ ಎಲೆಗಳ ಅಂಚನ್ನೂ ನಂತರ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತದೆ. ಟರ್ಬೊ ನಿಜವಾಗಿಯೂ ಹಾಳಾಗುವ ದಾರಿಗಳಲ್ಲಿ ಇದೂ ಒಂದು. ಹಾಗಾಗಿ ಬೂಸ್ಟ್ ಸೋರಿಕೆ ಹುಡುಕುವಾಗ ಈ ಭಾಗವನ್ನೂ ಬಿಡಬಾರದು.

ಲಕ್ಷಣಗಳನ್ನು ಓದುವುದು

ಸೋರಿಕೆಯ ಸದ್ದು ‘ಸುಯ್’ ಎಂದು ಲೋಡಿನೊಂದಿಗೆ ಏರಿ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ನಿಲ್ಲುತ್ತದೆ. ಕಾಲು ತೆಗೆದ ಮೇಲೂ ಕೆಲವು ಕ್ಷಣ ಸೈರನ್ನಿನಂತೆ ಇಳಿಯುತ್ತ ಹೋಗುವ ಸದ್ದಾದರೆ ಅದು ಗಾಳಿಯದ್ದಲ್ಲ, ತಿರುಗುತ್ತಿರುವ ಚಕ್ರದ್ದು. ಕಂಪ್ರೆಸರ್ ಎಲೆ ಪೆಟ್ಟಾಗಿದೆಯೇ ಎಂದು ನೋಡಬೇಕು. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ‘ಟಿಕ್ ಟಿಕ್’ ಎಂದು ಕೇಳಿ, ಬಿಸಿಯಾದಂತೆ ಕಡಿಮೆಯಾಗುವ ಸದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೋರುತ್ತಿರುವುದನ್ನು ಸೂಚಿಸುತ್ತದೆ. ಟರ್ಬೈನ್ ತಲುಪುವ ಮೊದಲೇ ಹೊಗೆ ಹೊರಹೋದರೆ ಟರ್ಬೊ ತಿರುಗಲು ಬೇಕಾದ ಬಲವೇ ಸಿಗುವುದಿಲ್ಲ.

ಕಪ್ಪು ಹೊಗೆಯನ್ನು ಒಂದೇ ಸಾಕ್ಷಿಯಾಗಿ ನಂಬುವ ಅಭ್ಯಾಸವನ್ನು ಈಗ ಬಿಡಬೇಕಾಗಿದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಡುತ್ತದೆ. ಎಂಜಿನ್ ಒಳಗೆ ಮಸಿ ಹೇರಳವಾಗಿ ಹುಟ್ಟುತ್ತಿದ್ದರೂ ಸೈಲೆನ್ಸರಿನ ಬಾಯಿ ಶುಭ್ರವಾಗಿಯೇ ಕಾಣಬಹುದು. ಬದಲಿಗೆ ಡಿಪಿಎಫ್ ಪದೇ ಪದೇ ರೀಜನರೇಷನ್‌ಗೆ, ಅಂದರೆ ತುಂಬಿದ ಮಸಿಯನ್ನು ಸುಟ್ಟು ತೆಗೆಯಲು, ಹೋಗುತ್ತದೆ, ಕೊನೆಗೆ ಕಟ್ಟಿಕೊಳ್ಳುತ್ತದೆ. ಡಿಪಿಎಫ್ ತೊಳೆಸಿ ಕೆಲವೇ ವಾರಗಳಲ್ಲಿ ಮತ್ತೆ ಅದೇ ದೀಪ ಹತ್ತುವ ಗಾಡಿಯಲ್ಲಿ ಬೂಸ್ಟ್ ಸೋರಿಕೆಯನ್ನು ನೋಡಲೇಬೇಕು. ಇನ್ನೊಂದು ಕಡೆ, ಮ್ಯಾನಿಫೋಲ್ಡಿನ ಒತ್ತಡ ಕಡಿಮೆ ಎಂದು ಕಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನಾಗಿಯೇ ಡೀಸೆಲ್ ಕಡಿತ ಮಾಡಿದರೆ ಹೊಗೆಯೇ ಇಲ್ಲದೆ ಬರಿಯ ಶಕ್ತಿಹೀನತೆ ಮಾತ್ರ ಉಳಿಯುತ್ತದೆ.

ಸ್ಕ್ಯಾನರ್ ಏನು ಹೇಳುತ್ತದೆ

ಬೂಸ್ಟ್ ಕಡಿಮೆ ಇರುವುದಕ್ಕೆ ಸ್ಕ್ಯಾನರಿನಲ್ಲಿ ಬರುವ ಸಾಮಾನ್ಯ ದೋಷದ ಕೋಡ್ ಪಿ0299. ಈ ಕೋಡಿನ ಅರ್ಥ ಇಸಿಯು ಬಯಸಿದ ಒತ್ತಡ ಸಿಗಲಿಲ್ಲ ಎಂದಷ್ಟೇ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಕೋಡ್ ಅಳಿಸುವ ಮೊದಲು ಅದರ ಜೊತೆ ದಾಖಲಾಗಿರುವ ಫ್ರೀಜ್ ಫ್ರೇಮ್, ಅಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ಲೋಡ್, ವೇಗ, ಉಷ್ಣತೆ ಇವನ್ನು ಬರೆದಿಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಆ ಸಾಕ್ಷ್ಯ ಮರಳಿ ಸಿಗುವುದಿಲ್ಲ.

ಮುಂದಿನ ಹೆಜ್ಜೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನೇ ಪರೀಕ್ಷಿಸುವುದು. ಅಳತೆಯ ಕಡ್ಡಿಯೇ ತಪ್ಪಾಗಿದ್ದರೆ ಅಳೆದದ್ದೆಲ್ಲ ತಪ್ಪು. ಈ ಸೆನ್ಸರ್ ತೋರಿಸುವುದು ವಾತಾವರಣದ ಒತ್ತಡವನ್ನೂ ಸೇರಿಸಿದ ಪೂರ್ಣ ಒತ್ತಡ. ಆದ್ದರಿಂದ ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ಆನ್ ಮಾಡಿದಾಗ ಅದು ಆ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 100 ಕಿಲೊಪ್ಯಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬೆಂಗಳೂರಿನಲ್ಲಿ 75 ಎಂದೋ 110 ಎಂದೋ ತೋರಿಸಿದರೆ ಮೊದಲು ಸೆನ್ಸರ್, ಅದರ ವೈರಿಂಗ್, ಮಸಿ ಕಟ್ಟಿದ ಅದರ ಮೂತಿ ಇವುಗಳತ್ತ ನೋಡಬೇಕು. ಇದು ಒಂದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ.

ಘಟ್ಟ ಹತ್ತುವ ಗಾಡಿಗಳ ವಿಷಯದಲ್ಲಿ ಇದೇ ಅಂಕಿಯಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಹೊರಗಿನ ಗಾಳಿ ತೆಳುವಾದಷ್ಟೂ ಅದೇ ಪೂರ್ಣ ಒತ್ತಡ ಮುಟ್ಟಲು ಟರ್ಬೊ ಹೆಚ್ಚು ದುಡಿಯಬೇಕು. ಕರಾವಳಿಯಲ್ಲಿ ಸಣ್ಣ ಸೋರಿಕೆಯನ್ನು ಹೆಚ್ಚುವರಿ ವೇಗದಿಂದ ತುಂಬಿಕೊಡುವ ಟರ್ಬೊಗೆ ಗುಂಡ್ಯ ದಾಟಿ ಶಿರಾಡಿ ಘಾಟಿ ಏರಿ ಸಕಲೇಶಪುರ ತಲುಪುವಾಗ ಆ ಅವಕಾಶ ಉಳಿದಿರುವುದಿಲ್ಲ. ‘ಕೆಳಗೆ ಸರಿಯಿದೆ, ಮೇಲೆ ಹೋದಂತೆ ಎಳೆಯುವುದಿಲ್ಲ’ ಎಂದು ಚಾಲಕರು ಹೇಳಿದಾಗ ಅದನ್ನು ಭ್ರಮೆಯೆಂದು ತಳ್ಳಿಹಾಕಬಾರದು.

ನಂತರ ರಸ್ತೆಯ ಪರೀಕ್ಷೆ. ನಿಂತ ಗಾಡಿಯಲ್ಲಿ ಎಂಜಿನ್ ರೇಸ್ ಮಾಡಿ ಬೂಸ್ಟ್ ನೋಡುವುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಲೋಡ್ ಇಲ್ಲದೆ ಬೂಸ್ಟ್ ಹುಟ್ಟುವುದೇ ಅಲ್ಪ. ಸರಕು ಹೇರಿ, ಸಂಚಾರ ಕಡಿಮೆ ಇರುವ ಏರಿನಲ್ಲಿ ಮೂರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3000ದವರೆಗೆ ಏರಿಸುತ್ತ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಬಯಸಿದ ಬೂಸ್ಟ್, ಸಿಕ್ಕ ಬೂಸ್ಟ್, ಮ್ಯಾಫ್ ಸೆನ್ಸರ್ ಅಳೆದ ಒಳಬರುವ ಗಾಳಿ, ಇಜಿಆರ್ (ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ಸ್ಥಿತಿ, ಡೀಸೆಲಿನ ರೈಲ್ ಒತ್ತಡ ಈ ಐದನ್ನೂ ದಾಖಲಿಸಿಕೊಳ್ಳಬೇಕು. ಓಡಿಸುವವರೇ ಸ್ಕ್ಯಾನರ್ ನೋಡುವುದು ಅಪಾಯ.

ದಾಖಲೆಯನ್ನು ಓದುವ ರೀತಿ ಹೀಗೆ. ಇಸಿಯು 210 ಕಿಲೊಪ್ಯಾಸ್ಕಲ್ ಪೂರ್ಣ ಒತ್ತಡ ಬಯಸಿ ಸಿಕ್ಕಿದ್ದು 160 ಆಗಿದ್ದು, ಮ್ಯಾಫ್ ಮಾತ್ರ ಆ ಒತ್ತಡಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಒಳಬರುತ್ತಿದೆ ಎಂದು ತೋರಿಸಿದರೆ, ಒಳಬಂದ ಗಾಳಿ ಎಂಜಿನ್ ತಲುಪುತ್ತಿಲ್ಲ ಎಂದಾಯಿತು; ಸೋರಿಕೆ ಕಂಪ್ರೆಸರಿನ ಮುಂದೆ ಎಲ್ಲೋ ಇದೆ. ಎರಡೂ ಒಟ್ಟಿಗೆ ಕಡಿಮೆ ಇದ್ದರೆ ಗಾಳಿ ಒಳಗೇ ಬರುತ್ತಿಲ್ಲ: ಕಟ್ಟಿಕೊಂಡ ಏರ್ ಫಿಲ್ಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿಕೆ, ತೆರೆದೇ ಉಳಿದ ವೇಸ್ಟ್‌ಗೇಟ್ (ಹೆಚ್ಚುವರಿ ಹೊಗೆಯನ್ನು ಟರ್ಬೈನಿಗೆ ತಾಗದಂತೆ ಹೊರಬಿಡುವ ಬಾಗಿಲು), ಮುಚ್ಚದ ಇಜಿಆರ್, ಕಟ್ಟಿದ ಡಿಪಿಎಫ್ ಇವುಗಳಲ್ಲಿ ಒಂದು. ರೈಲ್ ಒತ್ತಡವೇ ಬಯಸಿದಷ್ಟು ಏರದಿದ್ದರೆ ದೋಷ ಗಾಳಿಯದ್ದಲ್ಲ. ಡೀಸೆಲ್ ಫಿಲ್ಟರಿನಿಂದ ಆರಂಭಿಸಬೇಕು. ಡೀಸೆಲ್ ಕೊರತೆಯಿಂದ ಶಕ್ತಿ ಕಳೆದುಕೊಂಡ ಗಾಡಿ ಕಪ್ಪು ಹೊಗೆ ಬಿಡುವುದಿಲ್ಲ ಎಂಬುದೂ ಇಲ್ಲಿ ನೆರವಾಗುತ್ತದೆ. ಮ್ಯಾಫ್ ಸೆನ್ಸರ್ ಇಲ್ಲದ ಹಳೆಯ ಗಾಡಿಗಳಲ್ಲಿ ಈ ಹೋಲಿಕೆ ಸಾಧ್ಯವಿಲ್ಲ. ಅಲ್ಲಿ ನೇರವಾಗಿ ಒತ್ತಡ ಪರೀಕ್ಷೆಗೆ ಹೋಗಬೇಕು.

ಕಣ್ಣು ಮತ್ತು ಕೈ

ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಬಾನೆಟ್ ತೆರೆದು ಪ್ರತಿಯೊಂದು ಹೋಸಿನ ಕೆಳಭಾಗವನ್ನು ಕೈಯಿಂದ ಸವರಿ ನೋಡಬೇಕು. ಸೀಳು ಹೆಚ್ಚಾಗಿ ಕಣ್ಣಿಗೆ ಕಾಣದ ಕೆಳಬದಿಯಲ್ಲಿ, ಬಾಗಿದ ಕಡೆ, ಬ್ರಾಕೆಟ್ಟಿಗೋ ಫ್ಯಾನ್ ಶ್ರೌಡಿಗೋ ಉಜ್ಜುವ ಕಡೆ ಇರುತ್ತದೆ. ಹೋಸನ್ನು ಬಗ್ಗಿಸಿ, ಹಿಂಡಿ ನೋಡಬೇಕು. ಸುಮ್ಮನಿದ್ದಾಗ ಮುಚ್ಚಿಕೊಂಡಿರುವ ಸೀಳು ಬಗ್ಗಿಸಿದಾಗ ತೆರೆಯುತ್ತದೆ. ಹೊರಗೆ ಚೆನ್ನಾಗಿ ಕಾಣುವ ಹೋಸಿನ ಒಳಪದರ ಕಳಚಿ, ಗಾಳಿಯ ರಭಸಕ್ಕೆ ಮಡಿಚಿಕೊಂಡು ದಾರಿಯನ್ನೇ ಮುಚ್ಚುವುದೂ ಉಂಟು. ಇದು ಸೋರಿಕೆಯಲ್ಲದ್ದರಿಂದ ಸೋಪು ನೀರಿಗೆ ಸಿಗುವುದಿಲ್ಲ. ಹೋಸ್ ಬಿಚ್ಚಿ ಟಾರ್ಚ್ ಹಿಡಿದು ಒಳಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಎಣ್ಣೆಯ ಗುರುತನ್ನು ವಿವೇಕದಿಂದ ಓದಬೇಕು. ಕ್ರ್ಯಾಂಕ್‌ಕೇಸ್ ಬ್ರೀದರಿನ, ಅಂದರೆ ಎಂಜಿನ್ ತಳದ ಆವಿಯನ್ನು ಹೊರಬಿಡುವ ಪೈಪಿನ, ಆವಿ ಗಾಳಿಯ ದಾರಿಗೇ ಸೇರುವುದರಿಂದ ಹೋಸಿನ ಒಳಗೆ ತೆಳುವಾದ ಎಣ್ಣೆಯ ಲೇಪ ಇರುವುದು ಸಹಜ. ಅದನ್ನು ಕಂಡು ‘ಟರ್ಬೊ ಆಯಿಲ್ ಬಿಡುತ್ತಿದೆ’ ಎನ್ನುವುದು ಅವಸರ. ಆದರೆ ಜೋಡಣೆಯ ಹೊರಗೆ ಒದ್ದೆಯಾಗಿ, ಧೂಳು ಮೆತ್ತಿ ಕರಿಗಟ್ಟಿದ ಪಟ್ಟಿ ಇದ್ದರೆ ಗಾಳಿ ಅಲ್ಲಿಂದ ಎಣ್ಣೆಯನ್ನು ಹೊತ್ತು ಹೊರಬರುತ್ತಿದೆ ಎಂದರ್ಥ. ಇಂಟರ್‌ಕೂಲರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯುಮಿನಿಯಂ ಕೋರಿಗೆ ಕೂರುವ ಅಂಚು, ಮ್ಯಾಪ್ ಸೆನ್ಸರಿನ ಓ-ರಿಂಗ್, ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಯಾಕಿಂಗ್, ಇಜಿಆರ್ ಪೈಪಿನ ಫ್ಲೇಂಜ್ ಈ ನಾಲ್ಕೂ ಕಡೆ ಇಂಥ ಪಟ್ಟಿಯನ್ನು ಹುಡುಕಬೇಕು.

ಒತ್ತಡ ಪರೀಕ್ಷೆ

ನಿರ್ಣಯ ಕೊಡುವುದು ಇದೊಂದೇ. ಟರ್ಬೊದ ಕಂಪ್ರೆಸರ್ ಬಾಯಿಗೆ ಸರಿಯಾಗಿ ಕೂರುವ ಮುಚ್ಚಳವನ್ನು ನೈಲಾನ್ ಅಥವಾ ಅಲ್ಯುಮಿನಿಯಂನಲ್ಲಿ ಲೇತ್ ಕೆಲಸದವರಿಂದ ಮಾಡಿಸಿ, ಅದರ ನಡುವೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ವಾಲ್ವಿನ ಒಳಗಿನ ಪಿನ್ ತೆಗೆದುಬಿಡಬೇಕು. ಒತ್ತಡಕ್ಕೆ ಚೂರಾಗಿ ಸಿಡಿಯಬಲ್ಲದ್ದರಿಂದ ಪಿವಿಸಿ ಎಂಡ್ ಕ್ಯಾಪ್ ಬೇಡ. ಮುಚ್ಚಳ ಕೂರಿಸಬೇಕಾದ ಜಾಗ ಬಹಳ ಮುಖ್ಯ: ಬ್ರೀದರ್ ಪೈಪು ಸೇರುವ ಜಾಗವನ್ನು ದಾಟಿ, ಟರ್ಬೊದ ಬಾಯಿಗೇ ಅದು ಬರಬೇಕು. ಏರ್ ಫಿಲ್ಟರ್ ಬದಿಯ ಹೋಸಿಗೆ ಮುಚ್ಚಳ ಹಾಕಿ ಗಾಳಿ ಬಿಟ್ಟರೆ, ಆ ಗಾಳಿ ಬ್ರೀದರಿನ ಮೂಲಕ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ಹೊರತಳ್ಳಬಹುದು. ಒಂದು ದೋಷ ಹುಡುಕಲು ಹೋಗಿ ಇನ್ನೊಂದನ್ನು ಹುಟ್ಟಿಸಿದಂತಾಗುತ್ತದೆ.

ಕೀಲಿ ಹೊರಗೆ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಆಯಿಲ್ ತುಂಬಿಸುವ ಮುಚ್ಚಳ ಬಿಚ್ಚಿದೆ ಎಂಬುದನ್ನು ಖಚಿತಪಡಿಸಿಕೊಂಡು, ರೆಗ್ಯುಲೇಟರ್ ಮೂಲಕವೇ ಗಾಳಿ ಬಿಡಬೇಕು. ಗ್ಯಾರೇಜಿನ ಕಂಪ್ರೆಸರ್ ಟ್ಯಾಂಕಿನಲ್ಲಿ 8ರಿಂದ 10 ಬಾರ್ ಇರುತ್ತದೆ. ಅದನ್ನು ನೇರವಾಗಿ ಬಿಟ್ಟರೆ ಇಂಟರ್‌ಕೂಲರ್ ಒಡೆಯುತ್ತದೆ. 0.3 ಬಾರಿನಿಂದ ಆರಂಭಿಸಿ, ಕಿವಿಗೊಟ್ಟು ಕೇಳಿ, ನಿಧಾನವಾಗಿ 0.7ಕ್ಕೆ, ಬೇಕಾದರೆ 1 ಬಾರಿಗೆ ಏರಿಸಬೇಕು. ಆ ಎಂಜಿನ್ನಿನ ಗರಿಷ್ಠ ಬೂಸ್ಟನ್ನು ಮೀರಬಾರದು. 60 ಮಿಲಿಮೀಟರ್ ವ್ಯಾಸದ ಮುಚ್ಚಳದ ಮೇಲೆ 1 ಬಾರ್ ಒತ್ತಡ ಸುಮಾರು 29 ಕಿಲೊ ಭಾರದಷ್ಟು ಬಲ ಹಾಕುತ್ತದೆ. ಆದ್ದರಿಂದ ಮುಚ್ಚಳದ ಎದುರಿಗೆ ಮುಖವಾಗಲಿ ಕೈಯಾಗಲಿ ಬರಬಾರದು, ಕಣ್ಣಿಗೆ ಕನ್ನಡಕ ಇರಬೇಕು.

ಈಗ ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು ತೆಗೆದುಕೊಂಡು ಟರ್ಬೊದ ಹೊರಬಾಯಿಯಿಂದ ಒಂದೊಂದೇ ಜೋಡಣೆಗೆ ಸಿಂಪಡಿಸುತ್ತ ಮ್ಯಾನಿಫೋಲ್ಡಿನವರೆಗೆ ಸಾಗಬೇಕು. ದೊಡ್ಡ ಸೋರಿಕೆ ಸದ್ದಿನಿಂದಲೇ ಗೊತ್ತಾಗುತ್ತದೆ, ಮಧ್ಯಮದ್ದು ನೊರೆಯಾಗಿ ಏಳುತ್ತದೆ, ಸಣ್ಣದು ಕೆಲವು ಕ್ಷಣ ಕಾದ ಮೇಲೆ ಗುಳ್ಳೆಯಾಗಿ ಕಾಣುತ್ತದೆ. ಒಂದು ಕೈ ಸಿಂಪಡಿಸುತ್ತಿರುವಾಗ ಇನ್ನೊಂದು ಕೈಯಿಂದ ಹೋಸನ್ನು ಆಚೀಚೆ ಅಲುಗಿಸಬೇಕು. ರಸ್ತೆಯಲ್ಲಿ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಓಲಾಡುವಾಗ ಮಾತ್ರ ತೆರೆಯುವ ಸೀಳು ಆಗ ಸಿಗುತ್ತದೆ.

ಗಾಳಿ ನಿಲ್ಲಿಸಿದಾಗ ಒತ್ತಡ ನಿಧಾನವಾಗಿ ಇಳಿಯುವುದು ದೋಷವಲ್ಲ. ಎಂಜಿನ್ ನಿಂತ ಸ್ಥಿತಿಯಲ್ಲಿ ಯಾವುದಾದರೂ ಸಿಲಿಂಡರಿನ ಇನ್‌ಟೇಕ್ ವಾಲ್ವ್ ತೆರೆದಿರುತ್ತದೆ. ಅದರ ರಿಂಗುಗಳ ಪಕ್ಕದಿಂದ, ಟರ್ಬೊದ ಶಾಫ್ಟ್ ಸೀಲಿನಿಂದ ಸ್ವಲ್ಪ ಗಾಳಿ ಕ್ರ್ಯಾಂಕ್‌ಕೇಸಿಗೆ ಇಳಿದು, ಬಿಚ್ಚಿಟ್ಟ ಆಯಿಲ್ ಮುಚ್ಚಳದಿಂದ ಹೊರಬರುತ್ತದೆ. ಸೈಲೆನ್ಸರಿನಿಂದ ಜೋರಾಗಿ ಗಾಳಿ ಬಂದರೆ ಎರಡು ಸಾಧ್ಯತೆಗಳಿವೆ: ಒಂದು ಸಿಲಿಂಡರ್ ತನ್ನ ಎರಡೂ ವಾಲ್ವುಗಳು ತೆರೆದ ಸ್ಥಿತಿಯಲ್ಲಿ ನಿಂತಿದೆ, ಇಲ್ಲವೇ ಇಜಿಆರ್ ವಾಲ್ವ್ ಮುಚ್ಚಿಕೊಂಡಿಲ್ಲ. ಒತ್ತಡ ಪೂರ್ತಿ ಇಳಿಸಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿ ಮತ್ತೆ ಪರೀಕ್ಷಿಸಿದಾಗ ಗಾಳಿ ನಿಂತರೆ ಮೊದಲನೆಯದು. ಹಾಗೆಯೇ ಉಳಿದರೆ ಇಜಿಆರನ್ನು ಬಿಚ್ಚಿ ನೋಡಬೇಕು. ಇನ್‌ಟೇಕ್ ಥ್ರಾಟಲ್ ಇರುವ ಗಾಡಿಗಳಲ್ಲಿ ಅದು ಮುಚ್ಚಿ ನಿಂತಿದ್ದರೆ ಮ್ಯಾನಿಫೋಲ್ಡಿಗೆ ಒತ್ತಡವೇ ತಲುಪಿರುವುದಿಲ್ಲ ಎಂಬುದನ್ನೂ ಮರೆಯಬಾರದು.

ಇಂಟರ್‌ಕೂಲರ್ ಮೇಲೆ ಅನುಮಾನ ಉಳಿದರೆ ಅದನ್ನು ಬಿಚ್ಚಿ, ಎರಡೂ ಬಾಯಿ ಮುಚ್ಚಿ, ಒಳಗೆ 1 ಬಾರ್ ಒತ್ತಡ ತುಂಬಿ ನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಬೇಕು. ರೇಡಿಯೇಟರ್ ಅಂಗಡಿಗಳಲ್ಲಿ ಇದಕ್ಕೆ ತೊಟ್ಟಿ ಇದ್ದೇ ಇರುತ್ತದೆ. ಗಾಡಿಯ ಮೇಲಿರುವಾಗ ಮುಂಭಾಗದ ಫಿನ್‌ಗಳ ನಡುವೆ ಸಿಕ್ಕಿದ ಕಲ್ಲಿನ ಪೆಟ್ಟು ಸೋಪು ನೀರಿಗೆ ಸಿಗುವುದು ಕಷ್ಟ.

ಎಂಜಿನ್ ಓಡುತ್ತಿರುವಾಗ ಗ್ಯಾಸನ್ನೋ ಸ್ಟಾರ್ಟಿಂಗ್ ಸ್ಪ್ರೇಯನ್ನೋ ಸಿಂಪಡಿಸಿ ಆರ್‌ಪಿಎಂ ಬದಲಾವಣೆಯಿಂದ ಸೋರಿಕೆ ಹುಡುಕುವ ಪದ್ಧತಿ ಪೆಟ್ರೋಲ್ ಗಾಡಿಯ ವ್ಯಾಕ್ಯೂಮ್ ಸೋರಿಕೆಯ ಅಭ್ಯಾಸದಿಂದ ಬಂದದ್ದು. ಡೀಸೆಲ್ ಬೂಸ್ಟ್ ಸೋರಿಕೆಯಲ್ಲಿ ಗಾಳಿ ಹೊರಹೋಗುತ್ತದೆ, ಒಳಬರುವುದಿಲ್ಲ. ಹಾಗಾಗಿ ಅದರಿಂದ ಉತ್ತರ ಸಿಗುವುದಿಲ್ಲ, ಬೆಂಕಿಯ ಅಪಾಯ ಮಾತ್ರ ಉಳಿಯುತ್ತದೆ.

ಸಿಕ್ಕ ಸೋರಿಕೆ ದೂರಿಗೆ ಸಾಲುತ್ತದೆಯೇ?

ಒಂದು ಸೋರಿಕೆ ಸಿಕ್ಕಿತು ಎಂದ ಮಾತ್ರಕ್ಕೆ ಹುಡುಕಾಟ ಮುಗಿಯಿತು ಎಂದುಕೊಳ್ಳುವುದು ಈ ಕೆಲಸದಲ್ಲಿ ಬಹಳ ಸುಲಭವಾಗಿ ಬರುವ ತಪ್ಪು. ಎರಡೂವರೆ ಲೀಟರಿನ ಎಂಜಿನ್ 2500 ಆರ್‌ಪಿಎಂನಲ್ಲಿ, 1 ಬಾರ್ ಬೂಸ್ಟಿನಲ್ಲಿ ನಿಮಿಷಕ್ಕೆ ಸುಮಾರು 5000 ಲೀಟರ್ ಹೊರಗಿನ ಗಾಳಿಯನ್ನು ನುಂಗುತ್ತದೆ. ಅದೇ ಒತ್ತಡದಲ್ಲಿ 5 ಮಿಲಿಮೀಟರಿನ ರಂಧ್ರದಿಂದ ನಿಮಿಷಕ್ಕೆ 300 ಲೀಟರಿಗೂ ಹೆಚ್ಚು ಗಾಳಿ ಹೋಗುತ್ತದೆ. ದೊಡ್ಡ ಸಂಖ್ಯೆಯಂತೆ ಕಂಡರೂ ಅದು ಒಟ್ಟಿನ ನೂರರಲ್ಲಿ ಏಳು ಪಾಲಿನ ಆಸುಪಾಸು; ಆರೋಗ್ಯವಾಗಿರುವ ಟರ್ಬೊ ಸಮತಟ್ಟಿನ ರಸ್ತೆಯಲ್ಲಿ ಅಷ್ಟನ್ನು ತುಂಬಿಕೊಡಬಲ್ಲದು. ಆದ್ದರಿಂದ ಗಾಡಿ ಅರ್ಧ ಶಕ್ತಿ ಕಳೆದುಕೊಂಡಿದ್ದು, ಪರೀಕ್ಷೆಯಲ್ಲಿ ಸಿಕ್ಕಿದ್ದು ಮ್ಯಾಪ್ ಸೆನ್ಸರಿನ ಬುಡದ ನಾಲ್ಕು ಗುಳ್ಳೆ ಮಾತ್ರವಾಗಿದ್ದರೆ, ಆ ಓ-ರಿಂಗ್ ಬದಲಿಸಿದ ಮೇಲೆಯೂ ನಿಜವಾದ ಕಾರಣ ಒಳಗೇ ಉಳಿದಿರುತ್ತದೆ. ಸಣ್ಣ ಸೋರಿಕೆಯನ್ನು ಹಾಗೆಯೇ ಬಿಡಲೂಬಾರದು, ಏಕೆಂದರೆ ಅದನ್ನು ತುಂಬಿಕೊಡಲು ಟರ್ಬೊ ಸದಾ ಹೆಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಸವೆಸಿಕೊಳ್ಳುತ್ತದೆ.

ದಾರಿ ಬಿಗಿಯಾಗಿದ್ದೂ ಬೂಸ್ಟ್ ಬಾರದಿದ್ದರೆ ಟರ್ಬೊದ ನಿಯಂತ್ರಣಕ್ಕೆ ಬರಬೇಕು. ಇಲ್ಲಿ ಎರಡು ಬಗೆಯ ಆಕ್ಚುಯೇಟರುಗಳನ್ನು, ಅಂದರೆ ಈ ನಿಯಂತ್ರಣವನ್ನು ಚಲಿಸುವ ಸಾಧನಗಳನ್ನು, ಬೇರ್ಪಡಿಸಿಕೊಳ್ಳುವುದು ಅಗತ್ಯ. ಬೂಸ್ಟ್ ಒತ್ತಡದಿಂದಲೇ ತೆರೆಯುವ ವೇಸ್ಟ್‌ಗೇಟಿನಲ್ಲಿ ಸಣ್ಣ ಹೋಸ್ ಕಿತ್ತುಹೋದರೆ ಗೇಟ್ ತೆರೆಯುವುದೇ ಇಲ್ಲ. ಬೂಸ್ಟ್ ಮಿತಿ ಮೀರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಲ್ಲಿ ಬೂಸ್ಟ್ ಕಡಿಮೆ ಎಂದಾದರೆ ಗೇಟ್ ತುಕ್ಕಿನಿಂದ ತೆರೆದೇ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಟರ್ಬೈನ್ ಸುತ್ತಲಿನ ಎಲೆಗಳ ಕೋನ ಬದಲಾಗುವ, ವ್ಯಾಕ್ಯೂಮ್‌ನಿಂದ ನಡೆಯುವ ವೇರಿಯಬಲ್ ಟರ್ಬೊದಲ್ಲಿ ಇದರ ತಿರುಗುಮುರುಗು: ವ್ಯಾಕ್ಯೂಮ್ ಹೋಸ್ ಸೀಳಿದರೆ ಅಥವಾ ವ್ಯಾಕ್ಯೂಮನ್ನು ನಿಯಂತ್ರಿಸುವ ಸೊಲಿನಾಯ್ಡ್ ವಾಲ್ವ್ ಕೆಟ್ಟರೆ ಎಲೆಗಳು ತೆರೆದೇ ಉಳಿದು ಬೂಸ್ಟ್ ಬರುವುದಿಲ್ಲ. ಕೈ ವ್ಯಾಕ್ಯೂಮ್ ಪಂಪನ್ನು ಆಕ್ಚುಯೇಟರಿಗೆ ಹಚ್ಚಿ ಎಳೆದಾಗ ರಾಡ್ ತಡೆಯಿಲ್ಲದೆ ಪೂರ್ತಿ ಚಲಿಸಿ, ಅಲ್ಲೇ ನಿಲ್ಲಬೇಕು. ಪಂಪಿನ ಗೇಜಿನ ಮುಳ್ಳು ಇಳಿಯುತ್ತ ಹೋದರೆ ಡಯಾಫ್ರಮ್ ಹರಿದಿದೆ. ಆಕ್ಚುಯೇಟರಿಗೆ ವ್ಯಾಕ್ಯೂಮ್ ಕೊಡುವ ಗಾಡಿಯ ಪಂಪೇ ಬ್ರೇಕ್ ಬೂಸ್ಟರಿಗೂ ಅದನ್ನು ಕೊಡುವುದರಿಂದ, ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಎಂಬ ದೂರು ಜೊತೆಗಿದ್ದರೆ ಪಂಪನ್ನೇ ಮೊದಲು ಪರೀಕ್ಷಿಸಿ, ಗಾಡಿಯನ್ನು ಅಲ್ಲಿಯವರೆಗೆ ರಸ್ತೆಗೆ ಇಳಿಸಬಾರದು.

ಇಷ್ಟೂ ಸರಿಯಿದ್ದರೆ ಆಗ ಟರ್ಬೊದ ಸರದಿ. ತಣಿದ ಎಂಜಿನ್ನಿನಲ್ಲಿ ಶಾಫ್ಟನ್ನು ಬೆರಳಿನಿಂದ ಹಿಡಿದು ಅಲುಗಿಸಿದಾಗ ಪಕ್ಕಕ್ಕೆ ಅತ್ಯಲ್ಪ ಆಟ ಇರಬಹುದು, ಚಕ್ರ ಮಾತ್ರ ಹೌಸಿಂಗಿಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ಎಲೆಯ ಅಂಚು ತುಂಡಾಗಿದ್ದರೆ, ಹೌಸಿಂಗ್ ಒಳಗೆ ಉಜ್ಜಿದ ಗೆರೆ ಇದ್ದರೆ, ಟರ್ಬೊ ಬದಲಿಸಬೇಕು ಎಂದು ಮಾಲೀಕರಿಗೆ ಧೈರ್ಯವಾಗಿ ಹೇಳಬಹುದು.

ದುರಸ್ತಿಯ ಬಗ್ಗೆ

ಹೋಸ್ ಬದಲಿಸುವಾಗ ರೇಡಿಯೇಟರಿನ ನೀರಿನ ಹೋಸನ್ನು ಕತ್ತರಿಸಿ ಹಾಕಬಾರದು. ಎಣ್ಣೆ ಮತ್ತು ಬಿಸಿಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಪೈಪಿನ ತುದಿಯ ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಿ, ಹೋಸನ್ನು ತುದಿಯ ಉಬ್ಬು ದಾಟುವಷ್ಟು ಒಳಗೆ ತಳ್ಳಿ, ಕ್ಲಿಪ್ ಆ ಉಬ್ಬಿನ ಹಿಂದೆ ಕೂರುವಂತೆ ಬಿಗಿಯಬೇಕು. ಅತಿಯಾಗಿ ಬಿಗಿದ ಕ್ಲಿಪ್ ಹೋಸನ್ನೇ ಕತ್ತರಿಸುತ್ತದೆ. ಅಲ್ಯುಮಿನಿಯಂ ಕೋರಿನ ರಂಧ್ರವನ್ನು ನುರಿತವರು ವೆಲ್ಡ್ ಮಾಡಿ ಮುಚ್ಚಬಲ್ಲರು, ಆದರೆ ಪ್ಲಾಸ್ಟಿಕ್ ಟ್ಯಾಂಕಿನ ಅಂಚು ಬಿಟ್ಟ ಇಂಟರ್‌ಕೂಲರಿಗೆ ಅಂಟು ಮೆತ್ತಿ ಕಳಿಸುವುದು ಮಾಲೀಕರಿಗೆ ಮಾಡುವ ಅನ್ಯಾಯ. ಬಿಸಿಗೂ ಒತ್ತಡಕ್ಕೂ ಅದು ಬಾಳುವುದಿಲ್ಲ. ಇಂಟರ್‌ಕೂಲರ್ ಒಳಗೆ ಎಣ್ಣೆ ನಿಂತಿದ್ದರೆ ಪೂರ್ತಿ ಬಸಿದೇ ಕೂರಿಸಬೇಕು, ಏಕೆಂದರೆ ದುರಸ್ತಿಯ ನಂತರ ಬೂಸ್ಟ್ ಏರಿದಾಗ ಆ ಎಣ್ಣೆ ಒಮ್ಮೆಲೇ ಎಂಜಿನ್ನಿಗೆ ನುಗ್ಗಿ, ಎಂಜಿನ್ ಹಿಡಿತ ತಪ್ಪಿ ಓಡುವ ಅಪಾಯವಿದೆ.

ಕೆಲಸ ಮುಗಿದ ಮೇಲೆ ಒತ್ತಡ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಕೋಡ್ ಅಳಿಸಿ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, ಅಷ್ಟೇ ಸರಕಿನೊಂದಿಗೆ ಓಡಿಸಿ ಮೊದಲ ದಾಖಲೆಯ ಪಕ್ಕದಲ್ಲಿ ಹೊಸ ದಾಖಲೆಯನ್ನು ಇಟ್ಟು ನೋಡಬೇಕು. ಬಯಸಿದ ಬೂಸ್ಟಿನ ಗೆರೆಯ ಹತ್ತಿರವೇ ಸಿಕ್ಕ ಬೂಸ್ಟಿನ ಗೆರೆ ಏರಿದರೆ ಗಾಡಿಯನ್ನು ಒಪ್ಪಿಸಬಹುದು. ಬಿಎಸ್6 ಗಾಡಿಯಾಗಿದ್ದರೆ, ಸೋರಿಕೆಯ ಕಾಲದಲ್ಲಿ ಡಿಪಿಎಫ್‌ನಲ್ಲಿ ತುಂಬಿದ ಮಸಿಯ ಪ್ರಮಾಣವನ್ನೂ ಸ್ಕ್ಯಾನರಿನಲ್ಲಿ ನೋಡಿ, ಬೇಕಿದ್ದರೆ ರೀಜನರೇಷನ್ ಮಾಡಿಸಿಯೇ ಕಳುಹಿಸಬೇಕು.